ಹಳೇ ಸ್ಪೀಕರ್ ಮಾರುವಾಗ 'ಚೆನ್ನಾಗಿದೆ' ಅಂತಷ್ಟೇ ಬರೆದರೆ ಸಾಲದೇ?

ಸಾಲದು. ಹಾಡು ಕೇಳಿಸುತ್ತದೆ ಅನ್ನೋದು ಬೇರೆ, ಸ್ಪೀಕರ್ ಚೆನ್ನಾಗಿದೆ ಅನ್ನೋದು ಬೇರೆ. 1980–90ರ ದಶಕದ ಎಷ್ಟೋ ಸ್ಪೀಕರ್‌ಗಳಲ್ಲಿ ವೂಫರಿನ (ಬಾಸ್ ದನಿ ಕೊಡುವ ಭಾಗ) ಕೋನಿನ (ಅಲುಗಾಡಿ ದನಿ ಹೊರಡಿಸುವ ಬಟ್ಟಲಿನಂಥ ಹಾಳೆ) ಸುತ್ತ ಫೋಮ್ ಅಂಚು ಇರುತ್ತದೆ. ಗಾಳಿ, ತೇವ ತಗಲಿ ಈ ಫೋಮ್ ಸುಮ್ನೆ ಇಟ್ಟಿದ್ದರೂ 15–20 ವರ್ಷದಲ್ಲಿ ಪುಡಿಯಾಗಬಹುದು, ಹಾಗಾಗಿ 'ಜಾಸ್ತಿ ಬಳಸಿಲ್ಲ' ಅನ್ನೋ ಮಾತಿಗೆ ಇಲ್ಲಿ ಅಂಥಾ ಬೆಲೆಯೇನೂ ಇಲ್ಲ. ಸಣ್ಣ ದನಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಕೊಂಡವರು ಜೋರಾಗಿ ಹಾಕಿದಾಗ ಕೋನ್ ಹೆಚ್ಚು ಅಲುಗಾಡಿ ಅಂಚು ಹರಿಯುತ್ತದೆ, ಆಮೇಲೆ ಕೋನಿನ ಹಿಂದಿನ ತಂತಿಯ ಸುರುಳಿ ಅಯಸ್ಕಾಂತಕ್ಕೆ ಉಜ್ಜಿ ಗೊರಗೊರ ಶುರು.

ಮುಂದಿನ ಜಾಲರಿ ತೆಗೆದು ಅಂಚಿನ ಫೋಟೊ ಹತ್ತಿರದಿಂದ ಹಾಕಿ. ಫೋಮ್ ಬದಲಿಸಿದ್ದರೆ ಹೇಳಿ, ಅದೇನು ಕಳಂಕ ಅಲ್ವಲ್ಲ. ಜೋರಾಗಿ ಹಾಕಿ ನೋಡಿಲ್ಲದಿದ್ದರೆ 'ನೋಡಿಲ್ಲ' ಅಂತಲೇ ಬರೆಯಿರಿ.