ರೈಲಿನ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕು?

ರೈಲ್ವೆ ಆಡಳಿತದ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಆರಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಮೈಸೂರು ಕಡೆಯ ಒಂದು ಎಕ್ಸ್‌ಪ್ರೆಸ್ ರೈಲಿಗೆ ಕೆಂಗೇರಿಯಲ್ಲಿ ನಿಲುಗಡೆ ಕೇಳಿ ಮನವಿ ಕೊಡಬೇಕೆಂದಿದ್ದೇವೆ. ಡಿಆರ್‌ಎಂ (ವಿಭಾಗೀಯ ರೈಲ್ವೆ ವ್ಯವಸ್ಥಾಪಕರು) ಮನಸ್ಸು ಮಾಡಿದರೆ ಸಾಕು ಎನ್ನುತ್ತಾರೆ. ಹೌದೇ?
– ಕೆಂಗೇರಿ ಉಪನಗರದ ಓದುಗರು

ಉತ್ತರ: ಸಾಲದು. ಎಕ್ಸ್‌ಪ್ರೆಸ್ ರೈಲು ಎಲ್ಲಿ ನಿಲ್ಲಬೇಕು ಎಂಬ ಕೊನೆಯ ಮಾತು ದೆಹಲಿಯ ರೈಲ್ವೆ ಮಂಡಳಿಯದು. ಡಿಆರ್‌ಎಂ ಶಿಫಾರಸು ಮಾಡಬಹುದು, ತಡೆಯಲೂಬಹುದು. ತಾವೇ ಕೊಡುವಂತಿಲ್ಲ.

ಭಾರತೀಯ ರೈಲ್ವೆ ಎಂಬುದು ಕಂಪನಿಯಲ್ಲ, ಕೇಂದ್ರ ಸರ್ಕಾರದ ಇಲಾಖೆ. 1905ರಲ್ಲಿ ಶುರುವಾದ ಮಂಡಳಿಯೇ ಇವತ್ತಿಗೂ ಅದರ ತಲೆ. ಮೊದಲು ಇಂಜಿನಿಯರಿಂಗ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಂಚಾರ ಎಂದು ಇಲಾಖೆಗೊಬ್ಬರು ಸದಸ್ಯರಿದ್ದು, ತಮ್ಮ ತಮ್ಮ ಇಲಾಖೆಯ ಕಡೆ ಎಳೆಯುತ್ತಿದ್ದರು. 2019ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಇದನ್ನು ಬದಲಿಸಲು ಒಪ್ಪಿತು. ಈಗ ಮಂಡಳಿಯ ಅಧ್ಯಕ್ಷರೇ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. ಅವರ ಕೆಳಗೆ ಮೂಲಸೌಕರ್ಯ, ಎಂಜಿನ್ ಮತ್ತು ಬೋಗಿ, ಕಾರ್ಯಾಚರಣೆ ಮತ್ತು ವ್ಯವಹಾರ ಅಭಿವೃದ್ಧಿ, ಹಣಕಾಸು ಎಂದು ನಾಲ್ವರು ಸದಸ್ಯರು. ನಿಮ್ಮ ನಿಲುಗಡೆಯ ಕಡತ ಹೋಗುವುದು ಕಾರ್ಯಾಚರಣೆಯ ಕಡೆಗೆ.

ಮಂಡಳಿಯ ಕೆಳಗೆ ವಲಯಗಳು, ವಲಯದ ಕೆಳಗೆ ವಿಭಾಗಗಳು. ನಮ್ಮದು ನೈಋತ್ಯ ವಲಯ, ಕೇಂದ್ರ ಕಚೇರಿ ಹುಬ್ಬಳ್ಳಿ, ಮುಖ್ಯಸ್ಥರು ಪ್ರಧಾನ ವ್ಯವಸ್ಥಾಪಕರು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಂದು ಮೂರು ವಿಭಾಗ, ಒಂದೊಂದಕ್ಕೂ ಒಬ್ಬ ಡಿಆರ್‌ಎಂ. ಡಿಆರ್‌ಎಂ ಕೈಕೆಳಗೆ ಸಂಚಾರಕ್ಕೆ ಸೀನಿಯರ್ ಡಿಒಎಂ, ಟಿಕೆಟ್ ಮತ್ತು ವಾಣಿಜ್ಯಕ್ಕೆ ಸೀನಿಯರ್ ಡಿಸಿಎಂ, ಹಳಿಗೆ ಸೀನಿಯರ್ ಡಿಇಎನ್, ಸಿಗ್ನಲ್‌ಗೆ ಸೀನಿಯರ್ ಡಿಎಸ್‌ಟಿಇ ಹೀಗೆ ಶಾಖಾಧಿಕಾರಿಗಳು. ಇವರಿಗೆಲ್ಲ ಇಬ್ಬಿಬ್ಬರು ಯಜಮಾನರು: ದಿನನಿತ್ಯದ ಆಡಳಿತಕ್ಕೆ ಡಿಆರ್‌ಎಂ, ಇಲಾಖೆಯ ನಿಯಮ ಮತ್ತು ತಾಂತ್ರಿಕ ವಿಷಯಕ್ಕೆ ಹುಬ್ಬಳ್ಳಿಯ ಇಲಾಖಾ ಮುಖ್ಯಸ್ಥರು. ಕಡತಗಳು ತಿರುಗಾಡುವುದಕ್ಕೆ ಅರ್ಧ ಕಾರಣ ಇದೇ.

ಇನ್ನು ನಿಲುಗಡೆ ಕೊಡಲು ಹಿಂಜರಿಯುವುದೇಕೆ? ಎರಡು ನಿಮಿಷ ನಿಲ್ಲುವ ರೈಲು ಎರಡೇ ನಿಮಿಷ ಕಳೆದುಕೊಳ್ಳುವುದಿಲ್ಲ. ಗಂಟೆಗೆ 110 ಕಿ.ಮೀ. ವೇಗದಿಂದ ಇಳಿದು, ನಿಂತು, ಮತ್ತೆ ಅದೇ ವೇಗಕ್ಕೆ ಏರುವಷ್ಟರಲ್ಲಿ ಐದಾರು ನಿಮಿಷ ಹೋಗಿರುತ್ತದೆ. ಹಿಂದಿನ ರೈಲೂ ಹಳದಿ ಸಿಗ್ನಲ್ ನೋಡಿ ನಿಧಾನವಾಗುತ್ತದೆ. ಮುಂದೆ ಬೇರೆ ವಿಭಾಗಕ್ಕೋ ವಲಯಕ್ಕೋ ಸೇರುವ ಜಾಗದಲ್ಲಿ ಈ ರೈಲಿಗೆಂದು ಮೀಸಲಾದ ಸಮಯ ತಪ್ಪಿದರೆ ಅವರು ತಮ್ಮ ರೈಲುಗಳನ್ನು ಮೊದಲು ಬಿಡುತ್ತಾರೆ. ಪ್ಲಾಟ್‌ಫಾರಂ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಈಗಿನ ಎಲ್‌ಎಚ್‌ಬಿ ಮಾದರಿಯ ಒಂದು ಬೋಗಿ ಸುಮಾರು 24 ಮೀಟರ್. 22 ಬೋಗಿಯ ರೈಲು ಎಂಜಿನ್ ಸೇರಿ ಸುಮಾರು 550 ಮೀಟರ್ ಆಗುತ್ತದೆ. ಪ್ಲಾಟ್‌ಫಾರಂ ಚಿಕ್ಕದಿದ್ದರೆ ಹಿಂದಿನ ಬೋಗಿಯವರು ಜಲ್ಲಿಯ ಮೇಲೆ ಇಳಿಯಬೇಕಾಗುತ್ತದೆ.

ಆದ್ದರಿಂದ ಬರೀ ಸಹಿಗಳ ಹಾಳೆ ಕೊಡಬೇಡಿ. ರೈಲಿನ ಸಂಖ್ಯೆ, ಎರಡೂ ದಿಕ್ಕಿನಲ್ಲಿ ಅದು ಕೆಂಗೇರಿ ದಾಟುವ ಸಮಯ, ಅದೇ ಹೊತ್ತಿನಲ್ಲಿ ಬೇರೆ ರೈಲು ನಿಲ್ಲುತ್ತದೆಯೇ, ನಿಲ್ದಾಣದ ತಿಂಗಳ ಟಿಕೆಟ್ ಆದಾಯ, ಪ್ಲಾಟ್‌ಫಾರಂ ಉದ್ದ, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ. ಆದಾಯದ ಅಂಕಿ ಬೇಕಿದ್ದರೆ ವಿಭಾಗ ಕಚೇರಿಯ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಹಾಕಿ, ಉತ್ತರಕ್ಕೆ 30 ದಿನದ ಗಡುವಿದೆ. ಮನವಿಯನ್ನು ಸೀನಿಯರ್ ಡಿಸಿಎಂಗೆ ಕೊಟ್ಟು, ಹುಬ್ಬಳ್ಳಿಯ ಪ್ರಧಾನ ಮುಖ್ಯ ವಾಣಿಜ್ಯ ಮತ್ತು ಕಾರ್ಯಾಚರಣೆ ವ್ಯವಸ್ಥಾಪಕರಿಗೂ ಪ್ರತಿ ಕಳಿಸಿ. ಸಂಸದರ ಪತ್ರವನ್ನು ನೇರ ಮಂಡಳಿಗೆ ಹಾಕಿಸಿ. ಒಪ್ಪಿಗೆ ಸಿಕ್ಕರೂ ಸಾಮಾನ್ಯವಾಗಿ ಮೊದಲು ಸಿಗುವುದು ಆರು ತಿಂಗಳ ಪ್ರಾಯೋಗಿಕ ನಿಲುಗಡೆ. ಆ ಅವಧಿಯಲ್ಲಿ ಜನ ಕೆಂಗೇರಿಯಿಂದಲೇ ಟಿಕೆಟ್ ಕೊಳ್ಳಬೇಕು. ಮೆಜೆಸ್ಟಿಕ್‌ನಿಂದ ಎಂದು ಟಿಕೆಟ್ ತೆಗೆದು ಕೆಂಗೇರಿಯಲ್ಲಿ ಹತ್ತಿದರೆ ನಿಮ್ಮ ನಿಲ್ದಾಣದ ಖಾತೆಗೆ ಏನೂ ಬೀಳುವುದಿಲ್ಲ.

ಪ್ಲಾಟ್‌ಫಾರಂ ಸೂರು, ಕುಡಿಯುವ ನೀರು, ದೀಪ, ಟಿಕೆಟ್ ಕೌಂಟರ್, ಪಾರ್ಕಿಂಗ್ ಗುತ್ತಿಗೆ – ಇವು ವಿಭಾಗದ ಕೈಯಲ್ಲೇ ಇರುವ ಕೆಲಸಗಳು. ಇವಕ್ಕೆ ದೆಹಲಿಯವರೆಗೆ ಹೋಗುವ ಗೋಜೇ ಬೇಡ.

ಪ್ರಶ್ನೆ: ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರೈಲು ತಡವಾದರೆ ಯಾರನ್ನು ಕೇಳಬೇಕು? ಇಡೀ ದಾರಿ ಕರ್ನಾಟಕದಲ್ಲೇ ಇದೆಯಲ್ಲ.
– ರಾಜಾಜಿನಗರದಲ್ಲಿರುವ ಕುಮಟಾದ ಓದುಗರು

ಉತ್ತರ: ರಾಜ್ಯದ ಗಡಿಗೂ ರೈಲ್ವೆಯ ಗಡಿಗೂ ಸಂಬಂಧವೇ ಇಲ್ಲ. ನೀವು ಹೇಳುವ ರೈಲು ಬೆಂಗಳೂರು ವಿಭಾಗದಲ್ಲಿ ಹೊರಟು, ಮೈಸೂರು ವಿಭಾಗದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿ ಇಳಿದು, ಮಂಗಳೂರಿನ ಅಂಚಿನಲ್ಲಿ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಕಾಲಿಟ್ಟು, ತೋಕೂರಿನಿಂದ ಕೊಂಕಣ ರೈಲ್ವೆಗೆ ಸೇರುತ್ತದೆ. ಕೊಂಕಣ ರೈಲ್ವೆ ವಲಯವಲ್ಲ, ನಿಗಮ. 1990ರಲ್ಲಿ ಹುಟ್ಟುವಾಗಲೇ ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಅದರಲ್ಲಿ ಪಾಲು ಹಾಕಿದವು. ಅದರ ಕೇಂದ್ರ ಕಚೇರಿ ನವಿ ಮುಂಬೈಯಲ್ಲಿ, ನಿಮ್ಮ ಕಡೆಯ ಪ್ರಾದೇಶಿಕ ಕಚೇರಿ ಕಾರವಾರದಲ್ಲಿ.

ರಾಜ್ಯದ ಉಳಿದ ತುಂಡುಗಳೂ ಹೀಗೇ ಹಂಚಿಹೋಗಿವೆ. ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ, ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ, ರಾಯಚೂರು ಗುಂತಕಲ್ ವಿಭಾಗಕ್ಕೆ. ಬದಲಿಗೆ ಆಂಧ್ರದ ಹಿಂದೂಪುರ, ಕುಪ್ಪಂ, ತಮಿಳುನಾಡಿನ ಹೊಸೂರು, ಧರ್ಮಪುರಿ ನಮ್ಮ ಬೆಂಗಳೂರು ವಿಭಾಗದಲ್ಲಿವೆ. ಗೋವಾದ ವಾಸ್ಕೋ ಹುಬ್ಬಳ್ಳಿಯದು. ನೈಋತ್ಯ ವಲಯ ಕೆಲಸ ಆರಂಭಿಸಿದ್ದೇ 2003ರ ಏಪ್ರಿಲ್ 1ರಂದು. ಬೆಂಗಳೂರು, ಮೈಸೂರು ವಿಭಾಗಗಳನ್ನು ದಕ್ಷಿಣ ರೈಲ್ವೆಯಿಂದಲೂ ಹುಬ್ಬಳ್ಳಿಯನ್ನು ದಕ್ಷಿಣ ಮಧ್ಯ ರೈಲ್ವೆಯಿಂದಲೂ ಬಿಡಿಸಿಕೊಂಡರು. ಮಂಗಳೂರು ಅವತ್ತು ಬರಲಿಲ್ಲ. ಬಂದರಿನ ಸರಕು ಸಾಗಣೆ ಇರುವ ಜಾಗವನ್ನು ಯಾವ ವಿಭಾಗವೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಎಂಬುದನ್ನು ಊಹಿಸಲು ರೈಲ್ವೆಯವರೇ ಆಗಬೇಕಿಲ್ಲ.

ಇನ್ನು ತಡದ ಲೆಕ್ಕ. ಪ್ರತಿ ವಿಭಾಗದಲ್ಲೂ ಕಂಟ್ರೋಲ್ ಕಚೇರಿ ಇದೆ. ಅಲ್ಲಿನ ಸೆಕ್ಷನ್ ಕಂಟ್ರೋಲರ್ ರೈಲು ಎಷ್ಟು ಹೊತ್ತಿಗೆ ಬಂತು, ಎಷ್ಟಕ್ಕೆ ಪಕ್ಕದವರಿಗೆ ಒಪ್ಪಿಸಿದೆವು ಎಂಬುದನ್ನು ನಿಮಿಷ ನಿಮಿಷಕ್ಕೂ ದಾಖಲಿಸುತ್ತಾರೆ. ನಡುವೆ ಕಳೆದ ನಿಮಿಷಗಳನ್ನು ಕಾರಣಸಮೇತ ಯಾವುದಾದರೂ ಇಲಾಖೆಯ ತಲೆಗೆ ಕಟ್ಟಬೇಕು: ಸಿಗ್ನಲ್ ಕೆಟ್ಟಿತ್ತು, ಹಳಿ ಕೆಲಸಕ್ಕೆ ವೇಗ ಮಿತಿ ಇತ್ತು, ಎಂಜಿನ್ ತೊಂದರೆ, ಸರಪಳಿ ಎಳೆದರು. ಮರುದಿನ ಬೆಳಗಿನ ಸಭೆಯಲ್ಲಿ ಆ ನಿಮಿಷ ನಮ್ಮದಲ್ಲ ಎಂಬ ವಾಗ್ವಾದ ಶುರುವಾಗುತ್ತದೆ. ಘಾಟಿಯಲ್ಲಿ 50 ಅಡಿ ಸಾಗಿದರೆ ಒಂದು ಅಡಿ ಏರುವ ಇಳಿಜಾರು. ಮಳೆಗಾಲದಲ್ಲಿ ಗುಡ್ಡ ಜರಿದರಂತೂ ವಾದಕ್ಕೂ ಜಾಗವಿಲ್ಲ. ನೀವು ಪ್ರಯಾಣದಲ್ಲಿರುವಾಗ ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. 139ಕ್ಕೆ ಕರೆ ಮಾಡಿ ಅಥವಾ ರೈಲ್ ಮದದ್‌ನಲ್ಲಿ ಪಿಎನ್‌ಆರ್ ಹಾಕಿ ದೂರು ಕೊಡಿ. ಯಾವ ವಿಭಾಗಕ್ಕೆ ಹೋಗಬೇಕೆಂಬುದನ್ನು ಆ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ.

ಪ್ರಶ್ನೆ: ಹೊಸೂರು ಮಾರ್ಗದ ಎರಡನೇ ಹಳಿಯಲ್ಲಿ ಕೆಲವೆಡೆ ಹಳಿ ಹಾಸಿ, ತಂತಿ ಎಳೆದಿದ್ದರೂ ಪ್ರಯಾಣಿಕರ ರೈಲು ಅದರ ಮೇಲೆ ತಕ್ಷಣ ಬರುವುದಿಲ್ಲವೇಕೆ?
– ಹೀಲಲಿಗೆಯ ಓದುಗರು

ಉತ್ತರ: ಹಳಿ ಹಾಸುವವರು ಬೇರೆ, ಓಡಿಸುವವರು ಬೇರೆ, ಓಡಿಸಬಹುದು ಎನ್ನುವವರು ಇನ್ನೂ ಬೇರೆ. ಹೊಸ ಮಾರ್ಗ, ಜೋಡಿ ಹಳಿಯಂಥ ದೊಡ್ಡ ಕೆಲಸಗಳು ಬಹುಪಾಲು ನಿರ್ಮಾಣ ಸಂಘಟನೆಯವು. ನೈಋತ್ಯ ರೈಲ್ವೆಯಲ್ಲಿ ಇದರ ಮುಖ್ಯ ಆಡಳಿತಾಧಿಕಾರಿಯ ಕಚೇರಿ ಬೆಂಗಳೂರಿನ ದಂಡು ಪ್ರದೇಶದಲ್ಲಿದೆ. ಮುಗಿದ ಮೇಲೆ ಅವರು ಹಳಿಯನ್ನು ವಿಭಾಗಕ್ಕೆ, ಅಂದರೆ ರೈಲ್ವೆಯವರ ಬಾಯಲ್ಲಿ ‘ಓಪನ್ ಲೈನ್’ಗೆ ಒಪ್ಪಿಸುತ್ತಾರೆ. ವಿಭಾಗದವರು ಕಣ್ಣುಮುಚ್ಚಿ ತೆಗೆದುಕೊಳ್ಳುವುದಿಲ್ಲ, ನಾಳೆ ಅದನ್ನು ಕಾಯಬೇಕಾದವರು ಅವರೇ.

ಹೊಸ ಹಳಿಗೆ ಮೊದಲ ಶತ್ರು ಸಡಿಲ ಜಲ್ಲಿ. ಕಿಲೋಮೀಟರಿಗೆ 1660 ಕಾಂಕ್ರೀಟ್ ಸ್ಲೀಪರ್ ಹಾಕಿದರೂ ಅವುಗಳ ಕೆಳಗಿನ ಜಲ್ಲಿ ಗಟ್ಟಿಯಾಗದಿದ್ದರೆ ಹಳಿ ಕುಸಿಯುತ್ತದೆ, ಅಡ್ಡಮಟ್ಟ ತಪ್ಪುತ್ತದೆ. ಜಲ್ಲಿಯನ್ನು ಒತ್ತಿ ಗಟ್ಟಿ ಮಾಡುವ ಟ್ಯಾಂಪಿಂಗ್ ಯಂತ್ರ ಒಂದಕ್ಕಿಂತ ಹೆಚ್ಚು ಸಲ ಓಡಬೇಕು. ಆಮೇಲೆ ಬರುವುದು ಎನ್‌ಐ ಕೆಲಸ: ನಿಲ್ದಾಣದಲ್ಲಿ ಹೊಸ ಹಳಿಯನ್ನು ಹಳೆಯ ಸಿಗ್ನಲ್ ವ್ಯವಸ್ಥೆಗೆ ಜೋಡಿಸಲು ಇಂಟರ್‌ಲಾಕಿಂಗ್ (ಸಿಗ್ನಲ್ ಮತ್ತು ಪಾಯಿಂಟ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುವ ವ್ಯವಸ್ಥೆ) ಬಿಚ್ಚಿ, ಕೆಲವು ದಿನ ಪಾಯಿಂಟ್‌ಗಳನ್ನು, ಅಂದರೆ ರೈಲನ್ನು ಹಳಿಯಿಂದ ಹಳಿಗೆ ತಿರುಗಿಸುವ ಜೋಡಣೆಗಳನ್ನು, ಕೈಯಿಂದ ತಿರುಗಿಸಿ ಬೀಗ ಹಾಕಿ ರೈಲು ಬಿಡುವುದು. ಪತ್ರಿಕೆಯಲ್ಲಿ ರೈಲು ರದ್ದು, ಮಾರ್ಗ ಬದಲು ಎಂಬ ಪ್ರಕಟಣೆಗಳು ಸಾಲಾಗಿ ಬರುವುದು ಈ ದಿನಗಳಲ್ಲೇ.

ಕೊನೆಗೆ ರೈಲ್ವೆ ಸುರಕ್ಷತಾ ಆಯುಕ್ತರು. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅವರ ತಪಾಸಣೆ ಮತ್ತು ವರದಿಯಿಲ್ಲದೆ ಹೊಸ ಹಳಿಯ ಮೇಲೆ ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಅವರು ಮೋಟಾರು ಟ್ರಾಲಿಯಲ್ಲಿ ಕುಳಿತು ಸೇತುವೆ, ತಿರುವು, ಗೇಟು, ಪಾಯಿಂಟ್ ನೋಡುತ್ತಾರೆ, ಎಂಜಿನ್ ಓಡಿಸಿ ವೇಗ ಪರೀಕ್ಷೆ ಮಾಡಿಸುತ್ತಾರೆ, ಎಷ್ಟು ವೇಗದಲ್ಲಿ ಓಡಿಸಬಹುದೆಂದು ಬರೆದುಕೊಡುತ್ತಾರೆ. ಈ ಆಯುಕ್ತರು ರೈಲ್ವೆ ಸಚಿವಾಲಯದ ಕೆಳಗೆ ಬರುವುದಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಬರುತ್ತಾರೆ. ಓಡಿಸುವವರೇ ಸರಿ ಎಂದು ಸಹಿ ಹಾಕಿಕೊಳ್ಳಬಾರದು ಎಂಬುದೇ ಇದರ ಉದ್ದೇಶ. ದಕ್ಷಿಣ ವೃತ್ತದ ಆಯುಕ್ತರ ಕಚೇರಿ ಬೆಂಗಳೂರಿನಲ್ಲೇ ಇದೆ. ನಮ್ಮ ಮೆಟ್ರೊದ ಹೊಸ ಮಾರ್ಗಗಳೂ ಇವರ ಒಪ್ಪಿಗೆಗೆ ಕಾಯುತ್ತವೆ.

ಪ್ರಶ್ನೆ: ಐಆರ್‌ಸಿಟಿಸಿ ಎಂದರೆ ರೈಲ್ವೆಯೇ ಅಲ್ಲವೇ? ಟಿಕೆಟ್ ಹಣ ವಾಪಸಿಗೆ ಕೌಂಟರಿನಲ್ಲಿ ಕೇಳಿದರೆ ನಮಗೆ ಸಂಬಂಧವಿಲ್ಲ ಎನ್ನುತ್ತಾರೆ.
– ಮಲ್ಲೇಶ್ವರದ ಓದುಗರು

ಉತ್ತರ: ಕೌಂಟರಿನವರು ಹೇಳಿದ್ದು ಸರಿ. ಐಆರ್‌ಸಿಟಿಸಿ 1999ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ, ಷೇರು ಮಾರುಕಟ್ಟೆಯಲ್ಲೂ ಇದೆ. ಅದು ಟಿಕೆಟ್ ಮಾರುವ ಅಂಗಡಿ. ಸೀಟು ಎಷ್ಟಿದೆ, ಯಾರಿಗೆ ಎಂದು ಲೆಕ್ಕ ಇಡುವ ಕಾಯ್ದಿರಿಸುವಿಕೆ ವ್ಯವಸ್ಥೆ ಕ್ರಿಸ್ ಎಂಬ ರೈಲ್ವೆಯದೇ ಬೇರೆ ಸಂಸ್ಥೆಯದು. ಸೀಟು ರೈಲ್ವೆಯದು, ನಿಯಮ ಮಂಡಳಿಯದು.

ಹಣ ಹೋಗಿ ಟಿಕೆಟ್ ಬರದಿದ್ದರೆ ಅದು ಐಆರ್‌ಸಿಟಿಸಿ ಮತ್ತು ಬ್ಯಾಂಕಿನ ನಡುವಿನ ವಿಷಯ, ಹಣ ತಾನಾಗಿ ಮರಳುತ್ತದೆ. ರೈಲೇ ಪೂರ್ತಿ ರದ್ದಾದರೆ ಇ-ಟಿಕೆಟ್‌ನ ಹಣವೂ ಹಾಗೇ, ಅರ್ಜಿ ಬೇಡ. ಉಳಿದ ಸಂದರ್ಭಗಳಲ್ಲಿ ಟಿಡಿಆರ್, ಅಂದರೆ ಹಣ ವಾಪಸಿನ ಕೋರಿಕೆ ಹಾಕಬೇಕು. ಅದನ್ನು ಸ್ವೀಕರಿಸುವುದು ಐಆರ್‌ಸಿಟಿಸಿ, ತೀರ್ಮಾನಿಸುವುದು ವಲಯದ ವಾಣಿಜ್ಯ ಇಲಾಖೆ. ಜನ ಸೋಲುವುದು ಗಡುವಿನಲ್ಲಿ. ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ ನೀವು ಪ್ರಯಾಣ ಕೈಬಿಟ್ಟರೆ, ನೀವು ಹತ್ತಬೇಕಾದ ನಿಲ್ದಾಣದಿಂದ ರೈಲು ಹೊರಡುವ ಮುಂಚೆಯೇ ಟಿಡಿಆರ್ ಹಾಕಿರಬೇಕು. ಎಸಿ ಕೆಟ್ಟಿದ್ದರೆ ಊರು ಸೇರಿದ 20 ಗಂಟೆಯೊಳಗೆ ಹಾಕಿ. ಟಿಟಿಇ ಕೊಡುವ ಪ್ರಮಾಣಪತ್ರ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ, ಆದ್ದರಿಂದ ಇಳಿಯುವ ಮುಂಚೆಯೇ ಬರೆಸಿಕೊಳ್ಳಿ. ವೆಬ್‌ಸೈಟಿನ ಸೇವಾ ಶುಲ್ಕ ಮಾತ್ರ ಐಆರ್‌ಸಿಟಿಸಿಯದು. ಟಿಕೆಟನ್ನು ನೀವೇ ರದ್ದು ಮಾಡಿದರೆ ಆ ಶುಲ್ಕ ಮರಳುವುದಿಲ್ಲ.

ಪ್ರಶ್ನೆ: ರೈಲಿನಲ್ಲಿ ಬ್ಯಾಗ್ ಕಳುವಾದರೆ ಆರ್‌ಪಿಎಫ್ ಬಳಿ ಹೋಗಬೇಕೋ ರೈಲ್ವೆ ಪೊಲೀಸರ ಬಳಿಯೋ?
– ಕೆ.ಆರ್. ಪುರದ ಓದುಗರು

ಉತ್ತರ: ಎಫ್‌ಐಆರ್ ಮಾಡುವವರು ರೈಲ್ವೆ ಪೊಲೀಸರು. ಇವರು ಕರ್ನಾಟಕ ರಾಜ್ಯ ಪೊಲೀಸರೇ, ಕೆಎಸ್‌ಆರ್, ದಂಡು, ಯಶವಂತಪುರ ನಿಲ್ದಾಣಗಳಲ್ಲಿ ಠಾಣೆಗಳಿವೆ. ಆರ್‌ಪಿಎಫ್, ಅಂದರೆ ರೈಲ್ವೆ ರಕ್ಷಣಾ ಪಡೆ, ಕೇಂದ್ರದ್ದು. ರೈಲ್ವೆ ಆಸ್ತಿ ಕಳ್ಳತನ, ಸುಮ್ಮನೆ ಸರಪಳಿ ಎಳೆಯುವುದು, ಹಳಿ ದಾಟುವುದು ಮುಂತಾದವು ಅವರ ವ್ಯಾಪ್ತಿ. ಓಡುವ ರೈಲಿನಲ್ಲಿ ಕಳುವು ಗೊತ್ತಾದರೆ ಇಳಿಯಬೇಕಿಲ್ಲ. ಟಿಟಿಇ, ಗಾರ್ಡ್ ಅಥವಾ ಬೆಂಗಾವಲು ಸಿಬ್ಬಂದಿಯಿಂದ ದೂರಿನ ನಮೂನೆ ಪಡೆದು ತುಂಬಿಕೊಡಿ. ಘಟನೆ ಆಂಧ್ರದಲ್ಲಿ ನಡೆದಿದೆ, ಅಲ್ಲಿಗೇ ಹೋಗಿ ಎಂದು ಬೆಂಗಳೂರಿನ ಠಾಣೆಯವರು ಹೇಳುವಂತಿಲ್ಲ. ಶೂನ್ಯ ಎಫ್‌ಐಆರ್ ದಾಖಲಿಸಿ ಅವರೇ ವರ್ಗಾಯಿಸಬೇಕು.

ಪ್ರಶ್ನೆ: ಯಲಹಂಕದ ಗಾಲಿ ಕಾರ್ಖಾನೆ, ಉಪನಗರ ರೈಲು, ಮೆಟ್ರೊ ಎಲ್ಲ ಹುಬ್ಬಳ್ಳಿಗೇ ಸೇರಿದವೇ?
– ಯಲಹಂಕದ ವಿದ್ಯಾರ್ಥಿ

ಉತ್ತರ: ಮೂರೂ ಅಲ್ಲ. 1984ರಲ್ಲಿ ಶುರುವಾದ ರೈಲು ಗಾಲಿ ಕಾರ್ಖಾನೆ ಉತ್ಪಾದನಾ ಘಟಕ, ಪೆರಂಬೂರಿನ ಬೋಗಿ ಕಾರ್ಖಾನೆಯಂತೆ ನೇರ ಮಂಡಳಿಗೆ ವರದಿ ಮಾಡುತ್ತದೆ. ಉಪನಗರ ರೈಲು ಕಟ್ಟುತ್ತಿರುವುದು ಕೆ-ರೈಡ್. ಅದರಲ್ಲಿ ರಾಜ್ಯದ ಪಾಲು 51, ರೈಲ್ವೆಯದು 49 ಶೇಕಡಾ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ. ಮೆಟ್ರೊ ನಿಗಮದಲ್ಲಿ ರಾಜ್ಯ ಮತ್ತು ಕೇಂದ್ರಕ್ಕೆ ಸಮಪಾಲಿದೆ, ಆದರೆ ಕೇಂದ್ರದ ಕಡೆಯಿಂದ ಅದನ್ನು ನೋಡಿಕೊಳ್ಳುವುದು ನಗರ ವ್ಯವಹಾರಗಳ ಸಚಿವಾಲಯ. ಮೆಟ್ರೊ ಬೋಗಿ ಮಾಡುವ ಬಿಇಎಂಎಲ್ ರಕ್ಷಣಾ ಸಚಿವಾಲಯದ್ದು.

ವಿದ್ಯಾರ್ಥಿ ಎಂದಿದ್ದೀರಿ, ಕೆಲಸದ ಬಗ್ಗೆಯೂ ಒಂದು ಮಾತು. ಸ್ಟೇಷನ್ ಮಾಸ್ಟರ್, ಸಹಾಯಕ ಲೋಕೊ ಪೈಲಟ್, ಜೂನಿಯರ್ ಇಂಜಿನಿಯರ್ ಹುದ್ದೆಗಳಿಗೆ ಬೆಂಗಳೂರಿನ ರೈಲ್ವೆ ನೇಮಕಾತಿ ಮಂಡಳಿ ಇದೆ. ಹಳಿ ನಿರ್ವಾಹಕರಂಥ ಮೊದಲ ಹಂತದ ಹುದ್ದೆಗಳ ಆಯ್ಕೆಯಲ್ಲಿ ಹುಬ್ಬಳ್ಳಿಯ ನೇಮಕಾತಿ ಘಟಕದ ಪಾತ್ರವಿದೆ. ಅಧಿಕಾರಿ ಹುದ್ದೆಗೆ ಯುಪಿಎಸ್‌ಸಿ. ಅರ್ಜಿಯಲ್ಲಿ ಯಾವ ವಲಯ ಆರಿಸುತ್ತೀರೋ ಅಲ್ಲೇ ಕೆಲಸ. ಬೆಂಗಳೂರನ್ನು ಆರಿಸಿದರೂ ನೇಮಕವಾಗುವುದು ಮೂರು ವಿಭಾಗಗಳಲ್ಲಿ ಎಲ್ಲಿಗೂ ಆಗಬಹುದು, ವಾಸ್ಕೋ ಕೂಡ ಅದರಲ್ಲಿ ಸೇರಿದೆ.