ಇಷ್ಟದ ಪಾತ್ರ ಟಿಯರ್ ಲಿಸ್ಟಿನ ಕೆಳಗಿದ್ದರೆ ಬಿಟ್ಟುಬಿಡಬೇಕಾ?

ನೀವು ಕೇಳಿದ್ದು ಇಷ್ಟು: ಸ್ಟ್ರೀಟ್ ಫೈಟರ್ 6 ಅನ್ನುವ ಹೊಡೆದಾಟದ ವೀಡಿಯೊ ಗೇಮ್ ಶುರುಮಾಡಿ ಮೂರು ತಿಂಗಳಾಯಿತು, ಅದರಲ್ಲಿ ಹತ್ತಿರ ಬಂದು ಹಿಡಿದೆಸೆಯುವ ಕುಸ್ತಿಪಟು ಜಾಂಗೀಫ್ ಅಂದ್ರೆ ಪ್ರಾಣ, ಆದರೆ ನೋಡಿದ ಟಿಯರ್ ಲಿಸ್ಟಿನಲ್ಲಿ (ಪಾತ್ರಗಳನ್ನು ಬಲದ ಪ್ರಕಾರ ಸಾಲುಗಳಲ್ಲಿ ಇಡುವ ಪಟ್ಟಿ) ಅವನು ಕೆಳಗಿನ ಸಾಲಿನಲ್ಲಿದ್ದಾನೆ, ಗೆಳೆಯರು ಬೇರೆ ಪಾತ್ರ ಹಿಡಿ ಅನ್ನುತ್ತಾರೆ. ಏನು ಮಾಡಲಿ?

ಬಿಡಬೇಡಿ. ನಾನು ಶಿರಸಿಯವನು, ಹಿಂದಿನ ಭಾಗದಿಂದಲೂ ಜಾಂಗೀಫ್‌ನನ್ನೇ ಆಡಿಕೊಂಡು ಬಂದವನು. ಹಾಗಂತ ಟಿಯರ್ ಲಿಸ್ಟ್ ಸುಳ್ಳು ಅಂತ ಹೇಳುವುದಿಲ್ಲ. ಅದು ಯಾರ ಆಟವನ್ನು ಅಳೆಯುತ್ತದೆ ಅನ್ನುವುದು ಮುಖ್ಯ.

ಈ ಆಟ ಸೆಕೆಂಡಿಗೆ 60 ಫ್ರೇಮಿನಂತೆ, ಅಂದರೆ 60 ಚಿತ್ರಗಳಂತೆ, ಓಡುತ್ತದೆ. ಎದುರಾಳಿಯ ಹೊಡೆತವನ್ನು ನೀವು ಬ್ಲಾಕ್ ಮಾಡಿದಿರಿ, ಅವನು ನಿಮಗಿಂತ 4 ಫ್ರೇಮ್ ತಡವಾಗಿ ಸುಧಾರಿಸಿಕೊಳ್ಳುತ್ತಾನೆ ಅಂತ ಇಟ್ಟುಕೊಳ್ಳಿ. ಆಗ ನಿಮ್ಮ 4 ಫ್ರೇಮಿನ ಜಾಬ್ (ಚುರುಕಾದ ಚಿಕ್ಕ ಗುದ್ದು) ಅವನಿಗೆ ತಾಗಲೇಬೇಕು, ದೂರ ಸರಿದಿರಬಾರದು ಅಷ್ಟೆ. ಪಟ್ಟಿ ಮಾಡುವವರು, ಆಡುವ ಇಬ್ಬರೂ ಇಂಥ ಅವಕಾಶವನ್ನು ಬಿಡುವುದೇ ಇಲ್ಲ ಅಂತ ಹಿಡಿದು ಲೆಕ್ಕ ಹಾಕುತ್ತಾರೆ. ಮೂರು ತಿಂಗಳಲ್ಲಿ ಯಾರಿಗೂ ಅದು ಕೈಗೆ ಬರುವುದಿಲ್ಲ. ನಿಮ್ಮ ಹಂತದಲ್ಲಿ ಪಂದ್ಯ ಹೋಗುವುದು ಹೀಗೆ ಬಿಟ್ಟ ಹೊಡೆತಗಳಿಂದ, ಪಾತ್ರದಿಂದ ಅಲ್ಲ.

ಮೇಲಿನ ಮಟ್ಟದಲ್ಲಿ ಕಥೆ ಬೇರೆ. ಇದೇ ಬಗೆಯ ಹಳೇ ಆಟ ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ 2ರಲ್ಲಿ 56 ಪಾತ್ರಗಳಿವೆ. ದೊಡ್ಡ ಟೂರ್ನಮೆಂಟಿನಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಮ್ಯಾಗ್ನೀಟೊ, ಸ್ಟಾರ್ಮ್, ಸೆಂಟಿನೆಲ್, ಕೇಬಲ್, ಮತ್ತೆ ಕೆಲವರು. ಇನ್ನೊಂದು ಹೊಡೆದಾಟದ ಆಟ ಟೆಕ್ಕೆನ್ 7ಕ್ಕೆ 2019ರ ಡಿಸೆಂಬರ್‌ನಲ್ಲಿ ಲೀರಾಯ್ ಸ್ಮಿತ್ ಅನ್ನುವ ಹೊಸ ಪಾತ್ರ ಬಂದ. ಮರುತಿಂಗಳೇ ಎವೋ ಜಪಾನ್ ಅನ್ನುವ ದೊಡ್ಡ ಟೂರ್ನಮೆಂಟ್ ನಡೆಯಿತು. ಕೊನೆಯ ಎಂಟು ಜನರಲ್ಲಿ ಆರು ಮಂದಿ ಅವನನ್ನೇ ಆಡಿದರು, ಗೆದ್ದದ್ದೂ ಅವನನ್ನು ಆಡಿದವರೇ. ಆಮೇಲೆ ಕಂಪನಿಯವರು ಪ್ಯಾಚ್ (ಆಟದ ತಿದ್ದುಪಡಿ) ಹಾಕಿ ಅವನ ಬಲ ಇಳಿಸಿದರು. ಅಂಥ ಕಡೆ ಆಡುವವರು ಪಟ್ಟಿ ನೋಡದೆ ಇದ್ದರೆ ಅದು ತಪ್ಪೇ. ಇಬ್ಬರ ಕೈಯೂ ಸಮ ಇದ್ದಾಗ ಉಳಿಯುವ ವ್ಯತ್ಯಾಸ ಪಾತ್ರದ್ದು ಮಾತ್ರ ಅಲ್ವಾ?

ಆದರೆ ಅಲ್ಲೂ ಪಟ್ಟಿ ಹೇಳಿದ್ದೇ ನಡೆಯುತ್ತದೆ ಅಂತಿಲ್ಲ. 2014ರ ಎವೋದಲ್ಲಿ ಫ್ರಾನ್ಸಿನ ಲುಫಿ ಅಲ್ಟ್ರಾ ಸ್ಟ್ರೀಟ್ ಫೈಟರ್ 4 ಗೆದ್ದದ್ದು ರೋಸ್ ಅನ್ನುವ ಪಾತ್ರ ಹಿಡಿದು. ಅವಳನ್ನು ತೀರಾ ಮೇಲಿನ ಸಾಲಿನಲ್ಲಿ ಹೆಚ್ಚಿನವರು ಇಟ್ಟಿರಲಿಲ್ಲ. ಕೈಯಲ್ಲಿದ್ದದ್ದು ಮೊದಲ ಪ್ಲೇಸ್ಟೇಷನ್ನಿನ ಹಳೇ ಕಂಟ್ರೋಲರ್! ನನಗೆ ಇನ್ನೂ ಇಷ್ಟವಾದದ್ದು ಜಪಾನಿನ ಆಮ್ಸಾ ಅವರ ಕಥೆ. ಸ್ಮ್ಯಾಶ್ ಬ್ರದರ್ಸ್ ಮೀಲೀ 2001ರ ಆಟ, ಈಗ ಅದಕ್ಕೆ ಪ್ಯಾಚ್ ಬರುವುದಿಲ್ಲ. ಅದರ ಯೋಶಿ ಪಾತ್ರವನ್ನು ದೊಡ್ಡ ಪಂದ್ಯಕ್ಕೆ ಆಗುವುದಿಲ್ಲ ಅಂತ ಬದಿಗಿಟ್ಟಿದ್ದರು. ಅವರು ವರ್ಷಗಟ್ಟಲೆ ಅದನ್ನೇ ಆಡಿ 2022ರಲ್ಲಿ ದಿ ಬಿಗ್ ಹೌಸ್ 10 ಟೂರ್ನಮೆಂಟ್ ಗೆದ್ದರು. ಆಟ ಬದಲಾಗಲಿಲ್ಲ, ಪಟ್ಟಿಯಲ್ಲಿ ಯೋಶಿ ಮಾತ್ರ ಮೇಲೇರಿತು. ನಮ್ಮ ಕಡೆ ಅಡಿಕೆ ಆರಿಸುವಾಗ ಒಳ್ಳೆಯದರಿಂದ ಕೀಳಿನವರೆಗೆ ಚಾಲಿ, ಬಿಳೆಗೋಟು, ಕೋಕಾ ಅಂತ ಬೇರೆ ಮಾಡುತ್ತೇವೆ. ಒಮ್ಮೆ ಕೋಕಾ ಆದದ್ದು ಮತ್ತೆ ಚಾಲಿ ಆಗುವುದಿಲ್ಲ. ಪಾತ್ರಗಳು ಹಾಗಲ್ಲ.

ಹಾಗಾದರೆ ಪಟ್ಟಿಯನ್ನು ಸುಮ್ನೆ ಮುಚ್ಚಿಡಬೇಕಾ? ಬೇಡ. ನಿಮ್ಮ ಎದುರು ಯಾರು ಜಾಸ್ತಿ ಬರುತ್ತಾರೆ ಅಂತ ತಿಳಿಯಲು ಅದನ್ನು ನೋಡಿ. ಅದಕ್ಕಿಂತ ಹೆಚ್ಚಾಗಿ ಮ್ಯಾಚಪ್, ಅಂದರೆ ಒಂದು ಪಾತ್ರಕ್ಕೆ ಇನ್ನೊಂದು ಎದುರಾದಾಗ ಯಾರಿಗೆ ಎಷ್ಟು ಮೇಲುಗೈ ಅನ್ನುವ ಅಂದಾಜು, ನೋಡಿ. 6-4 ಅಂದರೆ ಸಮಬಲದ ಇಬ್ಬರು ಹತ್ತು ಆಟ ಆಡಿದರೆ ಒಬ್ಬ ಆರು ಗೆಲ್ಲಬಹುದು ಅಂತ. ಅಂದರೆ ಸೋಲುವ ಪಾತ್ರಕ್ಕೂ ನಾಲ್ಕು ಇದೆ.

ಕಾರವಾರದ ನನ್ನ ಭಾವ ಗೈಲ್ ಅನ್ನುವ ಪಾತ್ರ ಆಡುತ್ತಾನೆ. ಮಳೆಗಾಲದ ರಜೆಯಲ್ಲಿ ಅವನ ಮನೆಗೆ ಹೋದರೆ ಹೊರಗೆ ಕಾಲಿಡಲು ಆಗುತ್ತಿರಲಿಲ್ಲ, ಕರೆಂಟು ಇದ್ದಷ್ಟು ಹೊತ್ತೂ ಆಟ. ಅವನು ದೂರ ಕೂತು ಸೋನಿಕ್ ಬೂಮ್ (ಗೈಲ್ ದೂರದಿಂದ ಎಸೆಯುವ ಹೊಡೆತ) ಎಸೆಯುತ್ತಿದ್ದ, ನಾನು ಸಿಟ್ಟಿನಿಂದ ಹಾರುತ್ತಿದ್ದೆ, ಅವನು ಕೆಳಗಿನಿಂದ ಒದೆಯುತ್ತಿದ್ದ. ಒಂದಿಡೀ ವಾರ ಸೋತೆ. ಆಮೇಲೆ ಟ್ರೇನಿಂಗ್ ಮೋಡಿನಲ್ಲಿ ಬೊಂಬೆಗೆ ಬೂಮ್ ಎಸೆಯುವುದನ್ನು ರೆಕಾರ್ಡ್ ಮಾಡಿಟ್ಟು, ಡ್ರೈವ್ ಪ್ಯಾರಿ (ಬರುವ ಹೊಡೆತವನ್ನು ತಡೆದು ತಳ್ಳಿಹಾಕುವುದು) ಮಾಡುತ್ತಾ ಒಂದೊಂದೇ ಹೆಜ್ಜೆ ಮುಂದೆ ನಡೆಯುವುದನ್ನು ಕಲಿತೆ. ಪ್ಯಾರಿ ಸರಿಯಾಗಿ ಕೂತರೆ ಡ್ರೈವ್ ಗೇಜ್ (ಇಂಥ ಚಲನೆಗಳಿಗೆ ಬೇಕಾದ ಶಕ್ತಿಯ ಮೀಟರ್) ತುಂಬುತ್ತದೆ, ಅವಸರವೇ ಬೇಡ. ಹತ್ತಿರ ಹೋದ ಮೇಲೆ, ಸ್ಟಿಕ್ಕನ್ನು 360 ಡಿಗ್ರಿ ತಿರುಗಿಸಿ ಹಿಡಿದೆಸೆಯುವ ಒಂದು ಸ್ಕ್ರೂ ಪೈಲ್‌ಡ್ರೈವರ್ ಬಿದ್ದರೆ ಅವನು ಮೂಲೆ ಹಿಡಿದು ಕೂರುತ್ತಿದ್ದ. ಈಗಲೂ ನನಗಿಂತ ಅವನೇ ಜಾಸ್ತಿ ಗೆಲ್ಲುತ್ತಾನೆ. ಆದರೆ ನನ್ನ ಪಾಲಿನ ನಾಲ್ಕು ನನಗೆ ಸಿಗುತ್ತಿದೆ.

ನೀವು ಇವತ್ತು ಒಂದು ಕೆಲಸ ಮಾಡಿ. ಸೋತ ಇಪ್ಪತ್ತು ಪಂದ್ಯಗಳ ರಿಪ್ಲೇ ನೋಡಿ, ಪ್ರತಿಯೊಂದರಲ್ಲೂ ಕೊನೆಯ ಸುತ್ತು ಕೈತಪ್ಪಿದ್ದು ಯಾಕೆ ಅಂತ ಬರೆದುಕೊಳ್ಳಿ. ದೂರದಿಂದ ಹತ್ತಿರ ಬರಲಾಗದೆ ಸೋತದ್ದೇ ಜಾಸ್ತಿ ಇದ್ದರೆ ಮೊದಲು ಪ್ಯಾರಿ ಕಲಿಯಿರಿ. ಹತ್ತಿರ ಬಂದೂ 360 ತಪ್ಪಿ ಸೋತಿದ್ದರೆ ದಿನಕ್ಕೆ ಕಾಲು ಗಂಟೆ ಅದೊಂದನ್ನೇ ತಿರುಗಿಸಿ.