ಸುಳ್ಳು ಹೇಳಿ ಪಾರ್ಕಿನಲ್ಲಿ ಕೂರುತ್ತೇನೆ, ತಪ್ಪಾ?

ಪ್ರಶ್ನೆ: ನನಗೆ 43 ವರ್ಷ. ಹಾಸನದಲ್ಲಿ ಹೈಸ್ಕೂಲ್ ಟೀಚರ್. ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆಯ ತೋಟದ ಮನೆಯಲ್ಲಿ. ಈಗ ಇರುವುದು ಬಿ.ಎಂ. ರಸ್ತೆಯ ಹತ್ತಿರ. ಹಗಲೆಲ್ಲ ಮಕ್ಕಳ ಗಲಾಟೆ, ಮನೆಗೆ ಬಂದರೆ ಬಸ್ಸು ಲಾರಿಗಳ ಹಾರ್ನ್. ಒಳಗೆ ಅತ್ತೆಯವರ ಧಾರಾವಾಹಿ, ಅದೂ ಜೋರು ಸೌಂಡಿನಲ್ಲಿ. ಪಿಯುಸಿ ಓದುವ ಮಗ ರೀಲ್ಸ್ ನೋಡುತ್ತಿರುತ್ತಾನೆ. ನಮ್ಮ ಮನೆಯವರು ಫೋನನ್ನು ಸ್ಪೀಕರಿಗೆ ಹಾಕಿಕೊಂಡೇ ಮಾತಾಡುತ್ತಾರೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ‘ಯಾಕಮ್ಮ ಮುಖ ಊದಿಸ್ಕೊಂಡಿದೀಯ?’ ಅಂತ ಅತ್ತೆ ಕೇಳುತ್ತಾರೆ. ಹಾಗಾಗಿ ಕೆಲವು ತಿಂಗಳಿಂದ ‘ಸ್ಕೂಲಲ್ಲಿ ಮೀಟಿಂಗ್’ ಅಂತ ಸುಳ್ಳು ಹೇಳಿ, ವಾರಕ್ಕೆ ಎರಡು ಸಂಜೆ ಮಹಾರಾಜ ಪಾರ್ಕಿನಲ್ಲಿ ಅರ್ಧ ಗಂಟೆ ಒಬ್ಬಳೇ ಕೂರುತ್ತೇನೆ. ಮೊನ್ನೆ ನಮ್ಮ ಮನೆಯವರ ಸ್ನೇಹಿತರೊಬ್ಬರು ನೋಡಿಬಿಟ್ಟರು. ಎದೆ ಧಸಕ್ಕೆಂದಿತು. ನಿಜ ಹೇಳಿದರೆ ‘ಮನೆ ಬೇಡವಾಯ್ತಾ?’ ಅಂತಾರೆ. ಏನು ಮಾಡಲಿ?

ಉತ್ತರ: ಅರ್ಧ ಗಂಟೆ ಒಬ್ಬರೇ ಕೂತದ್ದರಲ್ಲಿ ತಪ್ಪೇನೂ ಇಲ್ಲಮ್ಮ. ಅದು ನಿಮಗೆ ಬೇಕೇ ಬೇಕು. ಬೇಡದ್ದು ಆ ಮೀಟಿಂಗಿನ ಸುಳ್ಳು. ಅದರ ಭಾರ ಹೊತ್ತು ಕೂತವರಿಗೆ ಪಾರ್ಕಿನಲ್ಲೂ ನೆಮ್ಮದಿ ಎಲ್ಲಿ? ಗೇಟಿನ ಕಡೆ ಒಂದು ಕಣ್ಣು ಇದ್ದೇ ಇರುತ್ತದೆ, ಯಾರಾದರೂ ನೋಡಿದರೋ ಏನೋ ಅಂತ.

ಗದ್ದಲ ಅಭ್ಯಾಸ ಆಗುತ್ತೆ ಬಿಡಿ ಅನ್ನುವವರು ಬಹಳ ಜನ. ಮನಸ್ಸಿಗೆ ಹಾಗೆ ಅನ್ನಿಸಬಹುದು, ಮೈ ಒಪ್ಪುವುದಿಲ್ಲ. ರಾತ್ರಿ ಲಾರಿಯ ಹಾರ್ನಿಗೆ ಎಚ್ಚರವಾಗದೇ ಇದ್ದರೂ ಎದೆಬಡಿತ ಏರುತ್ತದೆ. ವರ್ಷಗಟ್ಟಲೆ ದೊಡ್ಡ ರಸ್ತೆಯ ಸದ್ದಿನಲ್ಲಿ ಬದುಕುವವರಿಗೆ ಬಿಪಿ ಮತ್ತು ಹೃದಯದ ಕಾಯಿಲೆಯ ಅಪಾಯ ಜಾಸ್ತಿ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿ ಇರುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್ ದಾಟಬಾರದು. ಇಬ್ಬರು ಎದುರುಬದುರು ಕೂತು ಮಾತಾಡಿದರೇ ಸುಮಾರು 60 ಆಗುತ್ತದೆ. ಬಿ.ಎಂ. ರಸ್ತೆಯ ಸಂಜೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ವರ್ಷಕ್ಕೊಮ್ಮೆ ಹಾಸನಾಂಬೆ ಗುಡಿಯ ಬಾಗಿಲು ತೆಗೆದಾಗಿನ ಗಲಾಟೆ ಆದರೂ ಕೆಲವು ದಿನಕ್ಕೆ ಮುಗಿಯುತ್ತದೆ. ಇದು ದಿನವೂ ಇರುವಂಥದ್ದು.

ಇಟಲಿಯ ವೈದ್ಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಸಂಗೀತ ಕೇಳುವಾಗ ಮೈಯಲ್ಲಿ ಏನಾಗುತ್ತದೆ ಅಂತ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರು. ಹಾಡುಗಳ ನಡುವೆ 2 ನಿಮಿಷ ಏನೂ ಕೇಳಿಸದೆ ಬಿಟ್ಟಿದ್ದರು. ಬಿಪಿ, ಎದೆಬಡಿತ, ಉಸಿರು ಎಲ್ಲ ಚೆನ್ನಾಗಿ ಇಳಿದದ್ದು ಆ 2 ನಿಮಿಷದಲ್ಲಿ! ನೀವು ಪಾರ್ಕಿಗೆ ಹೋದದ್ದು ಸೋಮಾರಿತನವೂ ಅಲ್ಲ, ಸ್ವಾರ್ಥವೂ ಅಲ್ಲ. ಇದನ್ನು ಮೊದಲು ನೀವು ನಂಬಬೇಕು.

ಇನ್ನು ಮನೆಯವರ ವಿಷಯ. ನಮ್ಮ ಕಡೆ ಮನೆಯಲ್ಲಿ ಒಬ್ಬರು ಸುಮ್ಮನಾದರೆ ಕೋಪ ಬಂದಿದೆ ಅಂತಲೇ ಲೆಕ್ಕ. ಜಗಳ ಆದಮೇಲೆ ಮಾತು ಬಿಡುವುದು, ತಟ್ಟೆ ಕುಕ್ಕುವುದು, ನಾವೆಲ್ಲ ನೋಡಿದ್ದೇ ಅಲ್ವಾ? ನಿಮ್ಮ ಅತ್ತೆ ಜೀವನವಿಡೀ ಕಂಡದ್ದು ಆ ಥರದ ಮೌನವನ್ನೇ. ಅವರು ಕೇಳುವುದರಲ್ಲಿ ಹೆದರಿಕೆಯೂ ಇದೆ, ನನ್ನಿಂದ ಏನಾದರೂ ತಪ್ಪಾಯಿತಾ ಅಂತ. ಗಾಂಧೀಜಿ ಸೋಮವಾರ ಮೌನ ಇರುತ್ತಿದ್ದರು. ಏನಾದರೂ ಹೇಳಲೇಬೇಕಿದ್ದರೆ ಚೀಟಿಯಲ್ಲಿ ಬರೆಯುತ್ತಿದ್ದರು. ಅವರಿಗೆ ಸಿಟ್ಟು ಬಂದಿದೆ ಅಂತ ಯಾರಾದರೂ ಬೇಜಾರು ಮಾಡಿಕೊಂಡರಾ? ಇಲ್ಲ. ಸೋಮವಾರ ಅಂದರೆ ಹಾಗೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು.

ನಿಮ್ಮ ಮನೆಯಲ್ಲೂ ಗೊತ್ತಿರಲಿ. ಯಜಮಾನರ ಹತ್ತಿರ ನೇರವಾಗಿ ಹೇಳಿ: ‘ರೀ, ಮೀಟಿಂಗ್ ಅಂದಿದ್ದು ಸುಳ್ಳು. ಪಾರ್ಕಲ್ಲಿ ಕೂತಿದ್ದೆ. ಸ್ಕೂಲಿಂದ ಬಂದಮೇಲೆ ಅರ್ಧ ಗಂಟೆ ನನಗೆ ಯಾರ ಹತ್ರಾನೂ ಮಾತಾಡೋಕೆ ಆಗಲ್ಲ. ನಿಮ್ಮ ಮೇಲೆ ಕೋಪ ಇಲ್ಲ.’ ಅಷ್ಟೇ ಸಾಕು. ಅತ್ತೆಯ ಟಿವಿ, ಮಗನ ಮೊಬೈಲು ಅಂತ ದೂರಿನ ಪಟ್ಟಿ ಬಿಚ್ಚಬೇಡಿ. ಸುಳ್ಳು ಹೇಳಿದ್ದಕ್ಕೆ ಅವರಿಗೆ ನೋವಾಗಬಹುದು. ಒಂದೆರಡು ದಿನ ಮುನಿಸಿಕೊಂಡರೆ ತಾಳಿಕೊಳ್ಳಿ. ಆಮೇಲೆ ಹೊತ್ತು ಗೊತ್ತು ಮಾಡಿ, ಐದೂವರೆಯಿಂದ ಆರು ಅಂತಲೋ ಏನೋ, ನಿಮ್ಮ ರೂಮಿನ ಬಾಗಿಲು ಹಾಕಿಕೊಳ್ಳಿ. ಮೊಬೈಲ್ ಹೊರಗಿರಲಿ. ಆರಕ್ಕೆ ಎದ್ದು ಬಂದು ಅತ್ತೆಯ ಪಕ್ಕ ಕೂತು ಕಾಫಿ ಕುಡಿಯಿರಿ, ನಾಲ್ಕು ಮಾತಾಡಿ. ಇದನ್ನು ಮಾತ್ರ ತಪ್ಪಿಸಬೇಡಿ. ಬಾಗಿಲು ಹಾಕಿಕೊಂಡವರು ಹೇಳಿದ ಹೊತ್ತಿಗೆ ಹೊರಗೆ ಬರುತ್ತಾರೆ ಅಂತ ಗೊತ್ತಾದರೆ ಯಾರಿಗೂ ಆತಂಕ ಇರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಟಿವಿಯ ಸೌಂಡು. ಅತ್ತೆಗೆ ಕಿವಿ ಸರಿಯಾಗಿ ಕೇಳುತ್ತಿದೆಯಾ? ವಯಸ್ಸಾದಂತೆ ಕೀಚಲು ಸದ್ದುಗಳು ಮೊದಲು ಮಾಯವಾಗುತ್ತವೆ. ಸ, ಶ, ತ ಇಂಥ ಅಕ್ಷರಗಳು ಮಸುಕಾಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ತಿಳಿಯುವುದಿಲ್ಲ. ಅದಕ್ಕೇ ಸೌಂಡ್ ಏರಿಸುತ್ತಾರೆ. ಕರೆದರೆ ತಿರುಗುವುದಿಲ್ಲವಾ, ಹೇಳಿದ್ದನ್ನೇ ಮತ್ತೆ ಕೇಳುತ್ತಾರಾ, ಗಮನಿಸಿ. ಹಾಗಿದ್ದರೆ ಹಿಮ್ಸ್ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಕರೆದುಕೊಂಡು ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ಕೆಲವೊಮ್ಮೆ ಕಿವಿಯ ಗುಗ್ಗೆ ತೆಗೆದರೇ ಸರಿಹೋಗುತ್ತದೆ, ಕೆಲವೊಮ್ಮೆ ಮೆಷಿನ್ ಬೇಕಾಗುತ್ತದೆ. ‘ಸೌಂಡ್ ಕಡಿಮೆ ಮಾಡಿ’ ಅನ್ನುವ ಸೊಸೆಗಿಂತ ‘ಬನ್ನಿ ಅತ್ತೆ, ಕಿವಿ ತೋರಿಸಿಕೊಂಡು ಬರೋಣ’ ಅನ್ನುವ ಸೊಸೆಯ ಮಾತು ಬೇಗ ನಾಟುತ್ತದೆ. ಪಾಪ, ಕಿವಿ ಮಂದವಾದವರು ಮನೆ ತುಂಬ ಜನ ಇದ್ದರೂ ಒಂಟಿ.

ಮಗನಿಗೆ, ಯಜಮಾನರಿಗೆ ಒಂದೇ ನಿಯಮ: ನಡುಮನೆಯಲ್ಲಿ ಫೋನಿನ ಸ್ಪೀಕರ್ ಇಲ್ಲ. ರಾತ್ರಿ 10ರ ಮೇಲೂ ಬೀದಿಯಲ್ಲಿ ಮೈಕ್ ಕೂಗುತ್ತಿದ್ದರೆ 112ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ.

ಎಂದಾದರೂ ಭಾನುವಾರ ಬೆಳಿಗ್ಗೆ ಯಜಮಾನರ ಜೊತೆ ದೊಡ್ಡಗದ್ದವಳ್ಳಿಗೆ ಹೋಗಿ ಬನ್ನಿ. ಕೆರೆ ಪಕ್ಕದ ಹೊಯ್ಸಳರ ಲಕ್ಷ್ಮಿ ದೇವಸ್ಥಾನ. ಬೇಲೂರು ಹಳೇಬೀಡಿನಷ್ಟು ಜನ ಅಲ್ಲಿ ಇರುವುದಿಲ್ಲ. ಇಬ್ಬರೂ ಮಾತಿಲ್ಲದೆ ಸ್ವಲ್ಪ ಹೊತ್ತು ಕೂತುಬಂದರೆ ನಿಮಗೆ ಏನು ಬೇಕು ಅಂತ ಅವರಿಗೆ ತಿಳಿಯುತ್ತದೆ.

ಇನ್ನೊಂದು ವಿಷಯ. ನಿದ್ದೆ ಬಾರದೆ, ಯಾರೂ ಬೇಡ ಅನ್ನಿಸುತ್ತಾ, ಸುಮ್ಮಸುಮ್ಮನೆ ಅಳು ಬರುವುದು ಎರಡು ವಾರ ದಾಟಿದರೆ ಅದು ಬರೀ ಗದ್ದಲದ ದಣಿವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಯಜಮಾನರಿಗೆ ಇವತ್ತೇ ಹೇಳಿ. ಮಗನ ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಅಂತ ಮುಂದೂಡಬೇಡಿ. ಆ ಸ್ನೇಹಿತರು ‘ಮೊನ್ನೆ ಮೇಡಂನ ಪಾರ್ಕಲ್ಲಿ ನೋಡ್ದೆ’ ಅನ್ನುವ ಮೊದಲು ವಿಷಯ ನಿಮ್ಮ ಬಾಯಿಂದಲೇ ಅವರ ಕಿವಿಗೆ ಬೀಳಬೇಕು.